ಬೌಂಡರಿ ವಾಟರ್ಸ್ ಕಾಡಿನ ಸರೋವರಗಳ ಆಳ ತಿಳಿಯುವುದು ಹೇಗೆ?

ಅಮೆರಿಕದ ಮಿನ್ನೆಸೋಟದ ಬೌಂಡರಿ ವಾಟರ್ಸ್‌ನಲ್ಲಿ ಮೀನು ಹಿಡಿಯಲು ಆಳದ ನಕ್ಷೆ ಬೇಕು ಅಂತ ಕೇಳಿದ್ದೀರಿ. ಮೊದಲು ಆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ 'ಲೇಕ್‌ಫೈಂಡರ್' ಎಂಬ ಜಾಲತಾಣ ಪುಟ ನೋಡಿ. ನಕ್ಷೆ ಇದ್ದರೆ ಪುಕ್ಕಟೆ ಸಿಗುತ್ತದೆ, ಆಳ ಅಡಿಗಳಲ್ಲಿರುತ್ತದೆ. ಒಂದೇ ಹೆಸರಿನ ಸರೋವರಗಳು ಅಲ್ಲಿ ಜಾಸ್ತಿ. ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಯಾವುದು ಅಂತ ನೋಡಿಕೊಳ್ಳಿ.

ಆದರೆ ಆ ಕಾಡಿನಲ್ಲಿ 1000ಕ್ಕೂ ಹೆಚ್ಚು ಸರೋವರಗಳಿವೆ. ಎಲ್ಲಕ್ಕೂ ನಕ್ಷೆ ಎಲ್ಲಿಂದ ಬರಬೇಕು? ಇಲ್ಲದಿದ್ದರೆ ನೀವೇ ಅಳೆಯಿರಿ. ಗಟ್ಟಿ ದಾರಕ್ಕೆ ಕಲ್ಲು ಕಟ್ಟಿ, 5 ಅಡಿಗೊಂದು ಗಂಟು ಹಾಕಿ. ಗಾಳಿಯಿಲ್ಲದ ಬೆಳಗ್ಗೆ ದಡದಿಂದ ದಡಕ್ಕೆ ನೇರವಾಗಿ ಹುಟ್ಟು ಹಾಕುತ್ತಾ ಹೋಗಿ. ಅಲ್ಲಲ್ಲಿ ನಿಂತು ದಾರ ಇಳಿಸಿ, ಗಂಟು ಎಣಿಸಿ, ಜಿಪಿಎಸ್‌ನಲ್ಲಿ ಜಾಗ ಗುರುತಿಸಿ. ಗಾಳಿ ಇದ್ದರೆ ದಾರ ಓರೆಯಾಗಿ, ಆಳ ಸುಮ್ನೆ ಜಾಸ್ತಿ ಕಾಣುತ್ತದೆ. ಆಮೇಲೆ ಒಂದೇ ಆಳದ ಚುಕ್ಕಿಗಳನ್ನು ಗೆರೆಯಿಂದ ಸೇರಿಸಿದರೆ ಆಯಿತು. ಶಬ್ದದ ಅಲೆಯಿಂದ ಆಳ ಅಳೆಯುವ ಬ್ಯಾಟರಿಯ ಪುಟ್ಟ ಸಾಧನ, ಸೋನಾರ್, ಇದ್ದರೆ ಕೆಲಸ ಬೇಗ ಮುಗಿಯುತ್ತದೆ, ನನಗಂತೂ ದಾರವೇ ಇಷ್ಟ.

ಇಡೀ ಸರೋವರ ಅಳೆಯಲು ಹೋಗಬೇಡಿ. ದಡ ಕಡಿದಾಗಿದ್ದರೆ ನೀರೊಳಗೂ ಸಾಮಾನ್ಯವಾಗಿ ಹಾಗೇ ಇಳಿಯುತ್ತದೆ, ಅಲ್ಲಿಂದ ಶುರು ಮಾಡಿ. ಬೇಸಿಗೆಯಲ್ಲಿ ಲೇಕ್ ಟ್ರೌಟ್ ಎಂಬ ಮೀನು ತಣ್ಣನೆಯ ಆಳ ನೀರಿಗೆ ಇಳಿದಿರುತ್ತದೆ.