ಸೀಮೆಎಣ್ಣೆ ಇಂಜಿನ್‌ನ ಹೆಡ್ ಸವೆಸಿದರೆ ಪವರ್ ಬರುತ್ತಾ?

ನಾಡದೋಣಿಯ 9.9 ಎಚ್‌ಪಿ ಟೂ ಸ್ಟ್ರೋಕ್ ಇಂಜಿನ್‌ಗೆ ಹೆಡ್ (ಸಿಲಿಂಡರ್‌ನ ಮೇಲ್ಮುಚ್ಚಳ) ಸವೆಸಿ, ಪೋರ್ಟ್‌ಗೆ (ಸಿಲಿಂಡರ್‌ನಲ್ಲಿ ಗಾಳಿ-ಇಂಧನ, ಹೊಗೆ ಓಡಾಡುವ ಕಿಂಡಿ) ಅರ ಹಾಕಿ ಅಗಲ ಮಾಡಿಸಿದರೆ 15 ಎಚ್‌ಪಿ ಎಳೆತ ಬರುತ್ತಾ ಅಂತ ಕೇಳಿದ್ದೀರಿ. ಓಡಿಸುವುದು ಸೀಮೆಎಣ್ಣೆಯಲ್ಲಿ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಹೆಡ್ ಮುಟ್ಟಲೇಬೇಡಿ.

ನಾನು ಮುಟ್ಟಿ ಕೆಟ್ಟವನು. ಒಂದು ಮಿಲಿಮೀಟರ್‌ನಷ್ಟು ಸವೆಸಿದ್ದೆವು. ಎರಡು ದಿನ ದೋಣಿ ಹಾರಿತು, ಸುಳ್ಳು ಹೇಳಲ್ಲ. ಮೂರನೇ ದಿನ ಅಳಿವೆ ಬಾಯಲ್ಲಿ ತೆರೆಗೆ ಎದುರಾಗಿ ಫುಲ್ ಕೊಟ್ಟೆ. ಟಣ್ ಟಣ್ ಅಂತ ಸದ್ದು, ಆಮೇಲೆ ಇಂಜಿನ್ ಬಂದ್. ಹುಟ್ಟು ಹಾಕಿ ದಡ ಸೇರಿದೆವು. ಬಿಚ್ಚಿದರೆ ಮೇಲಿನ ಪಿಸ್ಟನ್‌ನ ತಲೆಯಲ್ಲಿ ಕಡಲೆಕಾಳಿನಷ್ಟು ತೂತು. ಪ್ಲಗ್ ತುದಿಯಲ್ಲಿ ಕರಗಿದ ಅಲ್ಯೂಮಿನಿಯಂ ಸಾಸಿವೆಯಂತೆ ಅಂಟಿಕೊಂಡಿತ್ತು.

ಸೀಮೆಎಣ್ಣೆಯ ಆಕ್ಟೇನ್ (ಒತ್ತಡದಲ್ಲಿ ತಾನಾಗಿ ಸಿಡಿಯದೆ ತಡೆಯುವ ಗುಣ) ಪೆಟ್ರೋಲಿಗಿಂತ ತೀರಾ ಕಡಿಮೆ. ಹೆಡ್ ಸವೆಸಿದರೆ ಸಿಲಿಂಡರ್ ಒಳಗಿನ ಒತ್ತಡ, ಅಂದರೆ ಕಂಪ್ರೆಶನ್, ಏರುತ್ತದೆ. ಅದು ಜಾಸ್ತಿಯಾದರೆ ಪ್ಲಗ್‌ನ ಬೆಂಕಿ ಹರಡಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಇಂಧನ ತಾನಾಗಿ ಸಿಡಿಯುತ್ತದೆ. ಅದಕ್ಕೇ ಸೀಮೆಎಣ್ಣೆ ಮಾಡೆಲ್‌ಗೆ ಕಂಪನಿಯವರೇ ಕಂಪ್ರೆಶನ್ ಇಳಿಸಿರುತ್ತಾರೆ. ನಾವು ಅದನ್ನೇ ಏರಿಸಲು ಹೋಗಿದ್ದೆವು!

ಪೆಟ್ರೋಲ್ ಇಂಜಿನ್ ಆದರೆ ಕಥೆ ಬೇರೆ. ಯಮಾಹಾದ ಹಳೆ 9.9ಎಫ್, 15ಎಫ್ ಎರಡೂ 246 ಸಿಸಿ. ವ್ಯತ್ಯಾಸ ಮುಖ್ಯವಾಗಿ ಕಾರ್ಬ್ಯುರೇಟರ್, ರೀಡ್ ವಾಲ್ವ್ (ಒಳಬರುವ ಗಾಳಿ-ಇಂಧನದ ಕವಾಟ) ಕಡೆ. ಅಂದರೆ ಇಂಜಿನ್‌ಗೆ ಎಷ್ಟು ಉಸಿರಾಡಲು ಬಿಟ್ಟಿದ್ದಾರೆ ಅನ್ನುವುದರಲ್ಲಿ. ಅಲ್ಲಿ ಅರ ಬೇಕಿಲ್ಲ, 15ರ ಸಾಮಾನು ಹಾಕಿದರೆ ಸಾಕು. ಪೋರ್ಟ್ ಕೆತ್ತುವುದು ರೇಸಿನವರ ಕೆಲಸ. ಮೇಲಿನ ವೇಗದಲ್ಲಿ ಸಿಕ್ಕಿದ್ದು ಕೆಳಗಿನ ಎಳೆತದಲ್ಲಿ ಹೋಗುತ್ತದೆ, ಬಲೆ ಹೊತ್ತ ದೋಣಿಗೆ ಬೇಕಾದದ್ದು ಆ ಎಳೆತವೇ ಅಲ್ವಾ?

ಮೊದಲು ಫ್ಯಾನ್ (ಪ್ರೊಪೆಲ್ಲರ್) ನೋಡಿ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗುತ್ತದೆ ಅಂತ ತೋರಿಸುವ ಒಂದು ಟ್ಯಾಕೋಮೀಟರ್ ಕಟ್ಟಿ. ಬಲೆ, ಐಸ್, ಜನ ಎಲ್ಲ ಇರುವಾಗ ಫುಲ್ ಕೊಡಿ. ಈ ಗಾತ್ರದ ಇಂಜಿನ್ 4,500ರಿಂದ 5,500 ಆರ್‌ಪಿಎಂ ಒಳಗೆ ತಿರುಗಬೇಕು. 4,000ಕ್ಕೇ ತಿಣುಕುತ್ತಿದ್ದರೆ ಫ್ಯಾನ್‌ನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ಅಳತೆ) ಇಂಜಿನ್‌ಗೆ ಜಾಸ್ತಿಯಾಗಿದೆ ಅಂತ ಅರ್ಥ, ಇರುವ 9.9 ಕೂಡ ನಿಮ್ಮ ಕೈಗೆ ಸಿಗುತ್ತಿಲ್ಲ. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 200 ಆರ್‌ಪಿಎಂ ಏರುತ್ತದೆ. ಪಿಸ್ಟನ್ ಬದಲಾಯಿಸಿ, ಹೊಸ ಹೆಡ್ ಹಾಕಿದ ಮೇಲೆ ನಾನು ಎರಡು ಇಂಚು ಕಡಿಮೆ ಪಿಚ್‌ನದ್ದು ಹಾಕಿದೆ. ಈಗ ಅದೇ ಅಳಿವೆಯಲ್ಲಿ ತೆರೆ ಹತ್ತುವಾಗ ಉಸಿರು ಬಿಗಿ ಹಿಡಿಯಬೇಕಿಲ್ಲ.

ಹಾಗೆಯೇ ಎರಡೂ ಸಿಲಿಂಡರ್‌ನ ಕಂಪ್ರೆಶನ್ ಅಳೆಸಿ. ಒಂದಕ್ಕೊಂದು ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಪಿಸ್ಟನ್ ರಿಂಗ್ ಹೋಗಿರಬಹುದು. ಆರ್‌ಪಿಎಂ ಎಷ್ಟು ಬಂತು, ಫ್ಯಾನ್ ಮೇಲೆ ಯಾವ ಅಳತೆ ಕೆತ್ತಿದೆ ಅಂತ ಇಲ್ಲೇ ಬರೆಯಿರಿ, ಯಾವ ಪಿಚ್ ತರಬೇಕು ಅಂತ ಹೇಳುತ್ತೇನೆ.