ಕಡಲೆ ಬೇರಲ್ಲಿ ಗಂಟೇಕೆ ಕಟ್ಟಲಿಲ್ಲ?

ಪ್ರಶ್ನೆ: ಸೋಯಾಬೀನ್‌ಗೆ ತಂದು ಮಿಕ್ಕಿದ್ದ ರೈಜೋಬಿಯಂ (ಬೇರಲ್ಲಿ ಗಂಟು ಕಟ್ಟಿಸಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ) ಪುಡಿಯನ್ನು ಕಡಲೆ ಬೀಜಕ್ಕೆ ಲೇಪಿಸಿ ಬಿತ್ತಿದೆ. ಆರು ವಾರವಾದರೂ ಬೇರಲ್ಲಿ ಒಂದೂ ಗಂಟಿಲ್ಲ. ರೈಜೋಬಿಯಂ ಎಲ್ಲವೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ಸೋಯಾಬೀನ್ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಬ್ರಾಡಿರೈಜೋಬಿಯಂ ಜಪಾನಿಕಂ. ಕಡಲೆ ಒಪ್ಪುವುದು ಮೀಸೋರೈಜೋಬಿಯಂ ಜಾತಿಗಳನ್ನು, ಮುಖ್ಯವಾಗಿ ಸಿಸೆರಿಯನ್ನು. ನಿಮ್ಮ ಬ್ಯಾಕ್ಟೀರಿಯಾ ಬದುಕಿಯೇ ಇದ್ದಿರಬಹುದು. ಬೇರಿಗೆ ಅದರ ಗುರುತು ಹತ್ತಲಿಲ್ಲ, ಅಷ್ಟೆ.

ಗುರುತಿನ ಕೆಲಸ ಬೇರಿನಿಂದಲೇ ಶುರುವಾಗುತ್ತದೆ. ಸಾರಜನಕದ ಕೊರತೆಯಲ್ಲಿರುವ ಬೇರು ಫ್ಲೇವನಾಯ್ಡ್‌ಗಳೆಂಬ ಸಂಕೇತ ರಾಸಾಯನಿಕಗಳನ್ನು ಮಣ್ಣಿಗೆ ಒಸರುತ್ತದೆ. ಸೋಯಾಬೀನ್‌ನಲ್ಲಿ ಜೆನಿಸ್ಟೀನ್, ಕುದುರೆಮಸಾಲೆ ಸೊಪ್ಪಿನಲ್ಲಿ ಲೂಟಿಯೋಲಿನ್, ಹೀಗೆ ಬೆಳೆಗೊಂದು ಬಗೆ. ಬ್ಯಾಕ್ಟೀರಿಯಾದ ನಾಡ್-ಡಿ ಪ್ರೋಟೀನ್ ತನಗೆ ಹೊಂದುವ ಫ್ಲೇವನಾಯ್ಡ್ ಸಿಕ್ಕಾಗ ಮಾತ್ರ ಗಂಟು ಕಟ್ಟಿಸುವ ನಾಡ್ ಜೀನುಗಳನ್ನು ಚಾಲೂ ಮಾಡುತ್ತದೆ. ಆಗ ತಯಾರಾಗುವ ಮರುಸಂಕೇತವೇ ನಾಡ್ ಫ್ಯಾಕ್ಟರ್.

ಈ ಅಣುವಿನ ರಚನೆ ತಿಳಿದದ್ದು 1990ರಲ್ಲಿ. ಕೀಟಗಳ ಹೊರಕವಚದ ಕೈಟಿನ್‌ನಲ್ಲಿರುವಂಥದೇ ಸಕ್ಕರೆ ಘಟಕಗಳು, ಹೆಚ್ಚಾಗಿ ಮೂರರಿಂದ ಐದು, ಸಾಲಾಗಿ ಪೋಣಿಸಿಕೊಂಡಿರುತ್ತವೆ. ಒಂದು ತುದಿಗೆ ಕೊಬ್ಬಿನಾಮ್ಲದ ಬಾಲ. ಬೀಗದ ಕೈಯ ಹಲ್ಲುಗಳಂತೆ ಗುರುತು ಕೊಡುವುದು ಇದರ ಮೇಲಿನ ಚಿಕ್ಕ ಗುಂಪುಗಳು. ಕುದುರೆಮಸಾಲೆಯ ಬ್ಯಾಕ್ಟೀರಿಯಾದ ನಾಡ್ ಫ್ಯಾಕ್ಟರ್‌ನಲ್ಲಿ ಒಂದು ಸಲ್ಫೇಟ್ ಗುಂಪಿದೆ. ಅದೊಂದು ಇಲ್ಲವಾದರೆ ಕುದುರೆಮಸಾಲೆ ಸ್ಪಂದಿಸುವುದಿಲ್ಲ, ಆದರೆ ಅದೇ ಬ್ಯಾಕ್ಟೀರಿಯಾ ವೆಚ್ ಎಂಬ ಬೇರೆ ಗಿಡದಲ್ಲಿ ಗಂಟು ಕಟ್ಟಿಸಬಲ್ಲದು! ಇಷ್ಟು ಸಣ್ಣ ವ್ಯತ್ಯಾಸ ಇಷ್ಟು ದೊಡ್ಡ ಫಲ ಕೊಡುವುದು ಈ ವಿಷಯದ ಅತ್ಯಂತ ಸೊಗಸಾದ ಸಂಗತಿ.

ಗುರುತು ಸರಿಹೊಂದಿದರೆ ಬೇರುಕೂದಲಿನ ಕೋಶಕೇಂದ್ರದ ಸುತ್ತ ಕ್ಯಾಲ್ಸಿಯಂ ಪ್ರಮಾಣ ಒಂದೆರಡು ನಿಮಿಷಕ್ಕೊಮ್ಮೆ ಏರಿಳಿಯತೊಡಗುತ್ತದೆ. ಕೂದಲು ಸುರುಳಿಯಾಗಿ ಬ್ಯಾಕ್ಟೀರಿಯಾವನ್ನು ಒಳಗೆ ಸಿಕ್ಕಿಸಿಕೊಳ್ಳುತ್ತದೆ. ಅಲ್ಲಿಂದ ಒಂದು ಸೋಂಕುನಾಳ ಒಳಕ್ಕೆ ಬೆಳೆಯುತ್ತದೆ, ಬೇರಿನ ಒಳಕೋಶಗಳು ವಿಭಜನೆಗೊಂಡು ಗಂಟಾಗುತ್ತವೆ.

ಕಡಲೆಯದೇ ಪುಡಿ ಬಳಸಿಯೂ ಗಂಟು ಕಾಣದಿದ್ದರೆ ಮೊದಲು ಯೂರಿಯಾದ ಲೆಕ್ಕ ನೋಡಿ. ಯೂರಿಯಾ ಹೆಚ್ಚಾಗಿ ಮಣ್ಣಿನಲ್ಲಿ ನೈಟ್ರೇಟ್ ಹೇರಳವಾಗಿದ್ದರೆ ಗಿಡವೇ ಗಂಟು ಕಟ್ಟುವುದನ್ನು ತಡೆಯುತ್ತದೆ. ಪುಡಿ ಎಷ್ಟು ಸುರಿದರೂ ಪ್ರಯೋಜನವಿಲ್ಲ. ಮಣ್ಣಿನ ಪಿಎಚ್ 5ಕ್ಕಿಂತ ಕೆಳಗಿದ್ದರೆ ಬ್ಯಾಕ್ಟೀರಿಯಾದ ಸಂಖ್ಯೆಯೂ ಈ ಸಂಕೇತ ವಿನಿಮಯವೂ ಎರಡೂ ಸೊರಗುತ್ತವೆ.

ಪ್ರಶ್ನೆ: ಗಂಟುಗಳಿವೆ, ಆದರೆ ಕೊಯ್ದರೆ ಒಳಗೆ ಬಿಳಿ. ಸಾರಜನಕ ಸಿಗುತ್ತಿದೆಯೇ?

ಉತ್ತರ: ಹೂ ಬಿಡುವ ಹೊತ್ತಿಗೂ ಬಿಳಿಯೇ ಇದ್ದರೆ ಇಲ್ಲವೆಂದೇ ತಿಳಿಯಿರಿ. ಕೆಲಸ ಮಾಡುವ ಗಂಟಿನ ಒಳಗೆ ಆಮ್ಲಜನಕವನ್ನು ಹಿಡಿದಿಡುವ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ನಸುಗೆಂಪು ಇರುತ್ತದೆ. ಆಮ್ಲಜನಕ ತಾಗಿದರೆ ಸಾರಜನಕ ಹಿಡಿಯುವ ನೈಟ್ರೋಜಿನೇಸ್ ಕಿಣ್ವ ಕೆಡುತ್ತದೆ, ಅದಕ್ಕೇ ಈ ಕಾವಲು. ಎಳೆಯ ಗಂಟು ಬಿಳಿಯಿರುವುದು ಸಹಜ, ಮುದಿ ಗಂಟು ಹಸಿರಾಗುತ್ತದೆ. ಬಲಿತ ಗಿಡದಲ್ಲೂ ಬಿಳಿಯಿದ್ದರೆ, ಗಂಟು ಕಟ್ಟಿಸಬಲ್ಲ ಆದರೆ ಸಾರಜನಕ ಹಿಡಿಯಲಾರದ ಸ್ಥಳೀಯ ತಳಿ ಒಳಹೊಕ್ಕಿರಬಹುದು. ಹುಳಿಮಣ್ಣಾದರೆ ಮಾಲಿಬ್ಡಿನಂ ಎಂಬ ಸೂಕ್ಷ್ಮ ಪೋಷಕಾಂಶದ ಕೊರತೆಯನ್ನೂ ಪರೀಕ್ಷಿಸಿ. ಮುಂದಿನ ಬಿತ್ತನೆಗೆ ಹೊಸ ಪುಡಿ ತನ್ನಿ. ಶಿಲೀಂಧ್ರನಾಶಕ ಹಾಕುವುದಿದ್ದರೆ ಅದನ್ನು ಮೊದಲು ಲೇಪಿಸಿ ಒಣಗಿಸಿ, ರೈಜೋಬಿಯಂ ಕೊನೆಗೆ. ಬೀಜವನ್ನು ನೆರಳಲ್ಲಿ ಆರಿಸಿ ಅಂದೇ ಬಿತ್ತಿ.