ಮಗುವಿಗೆ ಏನು ಬರುತ್ತದೆ ಎಂದು ತಿಳಿಯುವುದು ಹೇಗೆ?

ಸರ್ಕಾರಿ ಶಾಲೆಗಳಲ್ಲಿ ನಡೆಯುವ ಮೌಲ್ಯಮಾಪನದ ಬಗ್ಗೆ ಶಿಕ್ಷಕರು, ಪೋಷಕರು ಕಳುಹಿಸಿದ ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇವೆ. ಶಿಕ್ಷಕರ ತರಬೇತಿಯಲ್ಲಿ ಬಹುಕಾಲದಿಂದ ತೊಡಗಿಸಿಕೊಂಡಿರುವ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮಲ್ಲಿ ಇಬ್ಬರೇ ಶಿಕ್ಷಕರು. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನನ್ನ ಬಳಿ ಕೂರುತ್ತಾರೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವೆ ಮಾಡುವ), ಎರಡು ಸಂಕಲನಾತ್ಮಕ (ಅವಧಿಯ ಕೊನೆಗೆ ಮಾಡುವ) ಮೌಲ್ಯಮಾಪನ, ಪ್ರತಿಯೊಂದಕ್ಕೂ ದಾಖಲೆ, ಮಗುವಿನ ಕೆಲಸಗಳನ್ನು ಕೂಡಿಡುವ ಕೃತಿಸಂಪುಟ, ಕೊನೆಗೆ ವಿದ್ಯಾರ್ಥಿಗಳ ಮಾಹಿತಿ ದಾಖಲಿಸುವ ಸ್ಯಾಟ್ಸ್ ತಂತ್ರಾಂಶದಲ್ಲಿ ನಮೂದು. ತರಬೇತಿಗೆ ಹೋದರೆ ಬಗೆಬಗೆಯ ಸಾಧನ–ತಂತ್ರಗಳನ್ನು ಬಳಸಿ ಎನ್ನುತ್ತಾರೆ. ಬಳಸಿದಷ್ಟೂ ಬರವಣಿಗೆ ಹೆಚ್ಚುತ್ತದೆ. ನಾನು ಪಾಠ ಮಾಡುವುದು ಯಾವಾಗ?

ನಿಮ್ಮ ಬೇಸರ ನ್ಯಾಯವಾದದ್ದು. ಬಗೆಬಗೆಯ ವಿಧಾನ ಎಂಬುದು ನಮ್ಮಲ್ಲಿ ಬಗೆಬಗೆಯ ವಹಿಗಳಾಗಿ ಕೂತುಬಿಟ್ಟಿದೆ. ಕಾನೂನು ಕೇಳಿದ್ದು ಅದನ್ನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಮಾತನ್ನು ಆಡುವಾಗ, ಮಗು ಏನನ್ನು ಅರ್ಥ ಮಾಡಿಕೊಂಡಿದೆ, ಅದನ್ನು ಹೇಗೆ ಬಳಸಬಲ್ಲದು ಎಂಬುದರ ಮೇಲೆ ಕಣ್ಣಿಟ್ಟಿದೆ. ದಾಖಲೆ ಎಷ್ಟು ದಪ್ಪ ಇರಬೇಕು ಎಂದು ಅದು ಹೇಳಿಲ್ಲ.

ಒಂದು ಲೆಕ್ಕ ತೆಗೆದುಕೊಳ್ಳೋಣ. 52ರಲ್ಲಿ 37 ಕಳೆಯಿರಿ ಎಂದು ನಾಲ್ಕನೇ ತರಗತಿಗೆ ಕೊಟ್ಟಿದ್ದೀರಿ. ಇಬ್ಬರು ಮಕ್ಕಳು 25 ಎಂದು ಬರೆದಿದ್ದಾರೆ. ಎರಡೂ ತಪ್ಪು, ಎರಡಕ್ಕೂ ಸೊನ್ನೆ. ಆದರೆ ಹತ್ತಿರ ಕೂರಿಸಿಕೊಂಡು ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಿದರೆ ಎರಡು ಬೇರೆ ಕಥೆಗಳು ಹೊರಬರುತ್ತವೆ. ಮೊದಲನೆಯವಳು ಬಿಡಿ ಸ್ಥಾನದಲ್ಲಿ ಎರಡು ಸಣ್ಣದು, ಏಳು ದೊಡ್ಡದು ಎಂದು ಏಳರಿಂದ ಎರಡನ್ನು ಕಳೆದು 5 ಬರೆದಿದ್ದಾಳೆ. ಕಳೆಯುವುದೆಂದರೆ ದೊಡ್ಡದರಿಂದ ಸಣ್ಣದನ್ನು ತೆಗೆಯುವುದು ಎಂದಷ್ಟೇ ಅವಳಿಗೆ ಗೊತ್ತು. ಎರಡನೆಯವನು ಹತ್ತರ ಸ್ಥಾನದಿಂದ ಸಾಲ ತಂದಿದ್ದಾನೆ, ಹನ್ನೆರಡರಲ್ಲಿ ಏಳನ್ನು ಸರಿಯಾಗಿಯೇ ಕಳೆದು 5 ಬರೆದಿದ್ದಾನೆ. ಸಾಲ ಕೊಟ್ಟ ಐದು ನಾಲ್ಕಾಗಬೇಕು ಎಂಬುದನ್ನು ಮಾತ್ರ ಮರೆತಿದ್ದಾನೆ. ಅವನಿಗೆ ಎರಡು ಲೆಕ್ಕ ಜೊತೆಗೆ ಕೂತು ಮಾಡಿಸಿದರೆ ಸಾಕು. ಅವಳಿಗೆ ಕಡ್ಡಿಗಳ ಕಂತೆ ಬೇಕು, ಕಂತೆ ಬಿಚ್ಚಿ ಹತ್ತು ಬಿಡಿಯಾಗುವುದನ್ನು ಕೈಯಾರೆ ಮಾಡಿ ನೋಡಬೇಕು. ಇಬ್ಬರನ್ನೂ ಒಂದೇ ಪರಿಹಾರ ಬೋಧನೆಯ ಗುಂಪಿಗೆ ಹಾಕಿದರೆ ಇಬ್ಬರ ಹೊತ್ತೂ ಹಾಳು.

ಇನ್ನೂ ಒಂದು ವಿಷಯ ಗಮನಿಸಿ. ಅದೇ ಲೆಕ್ಕವನ್ನು 53ರಲ್ಲಿ 37 ಎಂದು ಬದಲಿಸಿದ್ದರೆ ಅವಳ ಉತ್ತರ 24, ಅವನದು 26 ಆಗುತ್ತಿತ್ತು. ಬರೆಯುವ ಪರೀಕ್ಷೆಯೂ ಕೆಟ್ಟದ್ದಲ್ಲ. ಪ್ರಶ್ನೆಯನ್ನು ಯೋಚಿಸಿ ಆರಿಸಿದರೆ ಅದೇ ಎಷ್ಟೋ ಹೇಳುತ್ತದೆ. ಬರವಣಿಗೆ, ಮಾತು, ಕೈಕೆಲಸ ಈ ಮೂರರಲ್ಲಿ ಒಂದು ಮುಚ್ಚಿಟ್ಟಿದ್ದನ್ನು ಇನ್ನೊಂದು ತೋರಿಸುತ್ತದೆ ಎಂಬ ಕಾರಣಕ್ಕೇ ವಿಧಾನಗಳು ಹಲವಿರಬೇಕು. ಸಂತೆಯಲ್ಲಿ ಅಮ್ಮನ ಪಕ್ಕ ಕೂತು ತರಕಾರಿ ಮಾರುವ ಮಗು ಐವತ್ತೆರಡು ರೂಪಾಯಿಯಲ್ಲಿ ಮೂವತ್ತೇಳು ಹೋದರೆ ಹದಿನೈದು ಎಂದು ಬಾಯಲ್ಲಿ ಥಟ್ಟನೆ ಹೇಳಿ, ಕಾಗದದ ಮೇಲೆ 25 ಬರೆಯುವುದನ್ನು ನೀವೂ ಕಂಡಿರುತ್ತೀರಿ. ಆ ಮಗುವಿಗೆ ಲೆಕ್ಕ ಬರುವುದಿಲ್ಲ ಎಂದು ದಾಖಲಿಸುವುದು ಸುಳ್ಳು ದಾಖಲೆ.

ಹಾಗಾದರೆ ಕೈಲಾಗುವಷ್ಟು ಮಾಡುವುದು ಹೇಗೆ? ವಾರಕ್ಕೆ ಒಂದೇ ಸಾಮರ್ಥ್ಯ ಹಿಡಿಯಿರಿ. ದಿನಕ್ಕೆ ನಾಲ್ಕೈದು ಮಕ್ಕಳ ಜೊತೆ ಎರಡೆರಡು ನಿಮಿಷ ಮಾತಾಡಿ. ಉಳಿದವರು ಆಗ ತಮ್ಮ ಕೆಲಸದಲ್ಲಿರಲಿ. ನಿಮಗೆ ಗೊತ್ತಿದ್ದದ್ದನ್ನು ಬರೆಯಬೇಡಿ. ಗೊತ್ತಿಲ್ಲದ್ದು ಕಂಡರೆ ಮಾತ್ರ ಒಂದು ಸಾಲು: ‘ಸಾಲ ತರುತ್ತಾನೆ, ಹತ್ತರ ಸ್ಥಾನ ಇಳಿಸುವುದಿಲ್ಲ.’ ರೂಪಣಾತ್ಮಕ ಮೌಲ್ಯಮಾಪನದ ದಾಖಲೆಗೆ ಬೇರೆ ಚಟುವಟಿಕೆ ಹುಡುಕಬೇಡಿ, ಇದೇ ಆ ಚಟುವಟಿಕೆ. ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡುವ ಜೂನ್‌ನ ಸೇತುಬಂಧದಲ್ಲಿ, ಮಗು ಎಲ್ಲಿ ಎಡವುತ್ತಿದೆ ಎಂದು ತಿಳಿಯಲು ಮಾಡುವ ನೈದಾನಿಕ ಪರೀಕ್ಷೆಯನ್ನೂ ಹೀಗೆಯೇ ನಡೆಸಿದರೆ ಅದರ ಫಲ ವರ್ಷವಿಡೀ ಸಿಗುತ್ತದೆ. ಈಗ ಹೆಚ್ಚಿನ ಕಡೆ ಅದು ಅಂಕಪಟ್ಟಿಯಾಗಿ ಬೀರು ಸೇರುತ್ತಿದೆ.

ಇದು ಹೊರಗಿನಿಂದ ಬಂದ ಹೊಸ ಮಾತೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಕೆಳ ತರಗತಿಗಳ ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ನಲಿ–ಕಲಿ ಶುರುವಾದಾಗ ಮೌಲ್ಯಮಾಪನವನ್ನು ಕಲಿಕಾ ಏಣಿಯ, ಅಂದರೆ ಕಲಿಯಬೇಕಾದ ಮೆಟ್ಟಿಲುಗಳ ಸಾಲಿನ, ಒಳಗೇ ಇಟ್ಟಿದ್ದರು. ಮಗು ಒಂದು ಮೈಲಿಗಲ್ಲಿನಲ್ಲಿ ತಾನು ಕಲಿತದ್ದನ್ನು ತೋರಿಸಿ ಮುಂದಿನದಕ್ಕೆ ಹೋಗುತ್ತಿತ್ತು, ಪ್ರಗತಿ ನೋಟದಲ್ಲಿ ತನ್ನ ಜಾಗವನ್ನು ತಾನೇ ಗುರುತಿಸುತ್ತಿತ್ತು. ಪರೀಕ್ಷೆಯ ದಿನ ಎಂದು ಬೇರೆ ಇರಲಿಲ್ಲ. ಸರ್ಕಾರಿ ಶಾಲೆಯ ಶಿಕ್ಷಕರೇ ಕಟ್ಟಿದ ಆ ಕ್ರಮದಿಂದ ನಾಲ್ಕು, ಐದನೇ ತರಗತಿಯವರು ಕಲಿಯುವುದು ಬಹಳವಿದೆ.

ಪ್ರಶ್ನೆ: ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿ. ಪ್ರಗತಿ ಪತ್ರದಲ್ಲಿ ಕನ್ನಡಕ್ಕೆ ‘ಎ’ ಶ್ರೇಣಿ ಕೊಟ್ಟಿದ್ದಾರೆ. ಮನೆಯಲ್ಲಿ ದಿನಪತ್ರಿಕೆ ಕೊಟ್ಟರೆ ತಡವರಿಸುತ್ತಾಳೆ. ಯಾವುದನ್ನು ನಂಬಲಿ?

ಅಮ್ಮಾ, ನಿಮ್ಮ ಕಿವಿಯನ್ನೇ ನಂಬಿ. ಶ್ರೇಣಿ ಸುಳ್ಳು ಎನ್ನುತ್ತಿಲ್ಲ. ಅದರಲ್ಲಿ ಪದ್ಯ ಕಂಠಪಾಠ, ಚಾರ್ಟ್, ಕಿರುಪರೀಕ್ಷೆ ಎಲ್ಲವೂ ಸೇರಿ ಒಂದೇ ಅಕ್ಷರವಾಗಿರುತ್ತದೆ. ಓದು ಎಲ್ಲಿದೆ ಎಂದು ಆ ಅಕ್ಷರದಿಂದ ತಿಳಿಯುವುದಿಲ್ಲ. ಆರನೇ ತರಗತಿಗೆ ಬರುವ ಹೊತ್ತಿಗೆ ಓದುವುದು ಮುಗಿದ ಪಾಠ ಎಂದು ಎಲ್ಲರೂ ತಿಳಿದಿರುತ್ತಾರೆ, ಗಟ್ಟಿಯಾಗಿ ಓದಿಸಿ ಕೇಳುವವರು ಇರುವುದಿಲ್ಲ.

ನೀವೇ ಕೇಳಬಹುದು. 2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಇದನ್ನೇ ಮಾಡುತ್ತಾರೆ: ಒಂದೊಂದೇ ಮಗುವನ್ನು ಕೂರಿಸಿಕೊಂಡು ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಸಣ್ಣ ಪರಿಚ್ಛೇದ, ಎರಡನೇ ತರಗತಿ ಮಟ್ಟದ ಕಥೆ ಇಷ್ಟನ್ನು ಓದಿಸುತ್ತಾರೆ. ನೀವೂ ಮೂರನೇ ತರಗತಿಯ ಪುಸ್ತಕದಿಂದ ಶುರು ಮಾಡಿ. ಎಷ್ಟು ತಪ್ಪು ಎಂದು ಎಣಿಸುವುದಕ್ಕಿಂತ ಎಲ್ಲಿ ನಿಲ್ಲುತ್ತಾಳೆ ಎಂದು ನೋಡಿ. ‘ಅಕ್ಕ’, ‘ಹಳ್ಳಿ’ ಸಲೀಸಾಗಿ ಓದಿ ‘ಪುಸ್ತಕ’, ‘ಶಾಸ್ತ್ರ’ದಲ್ಲಿ ನಿಂತರೆ ಬೇರೆ ಅಕ್ಷರದ ಒತ್ತು ಕಷ್ಟವಾಗುತ್ತಿದೆ. ‘ವರ್ಷ’, ‘ಕಾರ್ಯ’ದಲ್ಲಿ ತೊಡಕಾದರೆ ಅರ್ಕಾವತ್ತಿನದು: ಬರೆಯುವಾಗ ಹಿಂದೆ ಬರುವುದನ್ನು ಓದುವಾಗ ಮುಂದೆ ತರಬೇಕಲ್ಲ, ಅದು ಹಲವು ಮಕ್ಕಳಿಗೆ ಯಾರೂ ಬಿಡಿಸಿ ಹೇಳದ ಗುಟ್ಟಾಗಿಯೇ ಉಳಿದಿರುತ್ತದೆ. ಇನ್ನು ಕೆಲವರು ಎಲ್ಲವನ್ನೂ ಓದುತ್ತಾರೆ, ಓದಿದ್ದೇನು ಎಂದು ಕೇಳಿದರೆ ಹೇಳಲಾರರು. ಅದು ಬೇರೆಯೇ ತೊಂದರೆ, ಅದಕ್ಕೆ ಮದ್ದು ಮಾತುಕತೆ. ಒತ್ತಕ್ಷರ ತಿದ್ದಿಸುವುದರಿಂದ ಅದು ಹೋಗುವುದಿಲ್ಲ.

ಮುಂದಿನ ಪೋಷಕರ ಸಭೆಗೆ ಹೋದಾಗ ‘ಎ ಯಾಕೆ ಕೊಟ್ಟಿರಿ’ ಎಂದು ಕೇಳಬೇಡಿ. ಅವಳ ಕೃತಿಸಂಪುಟ ತೋರಿಸಿ ಎನ್ನಿ. ಜೂನ್‌ನಲ್ಲಿ ಸ್ವಂತವಾಗಿ ಬರೆದ ಒಂದು ಪುಟ, ಈಗ ಬರೆದ ಒಂದು ಪುಟ, ಎರಡನ್ನೂ ಪಕ್ಕಪಕ್ಕ ಇಟ್ಟು ಶಿಕ್ಷಕರ ಜೊತೆ ನೋಡಿ. ಅಂಗಡಿಯಿಂದ ತಂದ ಚಿತ್ರ ಅಂಟಿಸಿದ ಹಾಳೆಗಳೇ ತುಂಬಿದ್ದರೆ, ಇದರ ಬದಲು ಅವಳದೇ ಬರವಣಿಗೆ ಇಡಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಎಸ್‌ಎಸ್‌ಎಲ್‌ಸಿಯ 20 ಆಂತರಿಕ ಅಂಕಗಳಲ್ಲಿ ಎಲ್ಲ ಶಾಲೆಗಳಲ್ಲೂ ಹೆಚ್ಚುಕಡಿಮೆ ಎಲ್ಲರಿಗೂ 18, 19 ಕೊಡುತ್ತಾರೆ. ನಾನೊಬ್ಬ ಪ್ರಾಮಾಣಿಕವಾಗಿ ಕೊಟ್ಟರೆ ನನ್ನ ಮಕ್ಕಳಿಗೇ ಅನ್ಯಾಯವಲ್ಲವೇ?

ಹೌದು, ಅನ್ಯಾಯವೇ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪ್ರಥಮ ಭಾಷೆಗೆ 125ರಲ್ಲಿ 25, ಉಳಿದ ಐದು ವಿಷಯಗಳಿಗೆ ತಲಾ 20, ಒಟ್ಟು 625ರಲ್ಲಿ 125 ಅಂಕ ಶಾಲೆಯ ಕೈಯಲ್ಲಿವೆ. ಒಬ್ಬ ಶಿಕ್ಷಕ ಒಬ್ಬನೇ ಬಿಗಿಯಾದರೆ ಪೆಟ್ಟು ಬೀಳುವುದು ಹಳ್ಳಿಯ ಮಗುವಿಗೆ. ಇದನ್ನು ಸರಿಪಡಿಸಬೇಕಾದವರು ವ್ಯವಸ್ಥೆಯನ್ನು ನಡೆಸುವವರು. ಒಂದು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಶಿಕ್ಷಕರು ವರ್ಷಕ್ಕೆ ಎರಡು ಬಾರಿ ಕೂತು, ಪರಸ್ಪರರ ಮಕ್ಕಳ ಕೆಲಸದ ಮಾದರಿಗಳನ್ನು ಹೆಸರು ಮುಚ್ಚಿ ನೋಡಿ, ಯಾವುದಕ್ಕೆ ಎಷ್ಟು ಎಂದು ಒಪ್ಪಂದಕ್ಕೆ ಬಂದರೆ ಅರ್ಧ ಗೋಳು ತಪ್ಪುತ್ತದೆ. ಅಲ್ಲಿಯವರೆಗೆ ಆ ಹೊರೆಯನ್ನು ನೀವೊಬ್ಬರೇ ಹೊರಬೇಕೆಂದು ನಾನು ಹೇಳಲಾರೆ.

ಆದರೆ ಕಲಿಕೆಯನ್ನು ಅಳೆಯುವುದನ್ನು ಅದಕ್ಕಾಗಿ ಬಿಡಬೇಡಿ. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ನಿಗಾ) ಬಂದ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಆ ಮಕ್ಕಳಿಗೆ ಏನು ಬರುವುದಿಲ್ಲ ಎಂದು ಎಂಟು, ಒಂಬತ್ತನೇ ತರಗತಿಯಲ್ಲೇ ತಿಳಿದಿರಬೇಕಿತ್ತು.

ಮನೆಯಲ್ಲಿ ಮಾಡಿ ತರುವ ಪ್ರಾಜೆಕ್ಟ್ ಕಡಿಮೆ ಮಾಡಿ, ಕಣ್ಣೆದುರು ಮಾಡುವುದನ್ನು ಹೆಚ್ಚಿಸಿ. ವಿದ್ಯುಚ್ಛಕ್ತಿಯ ಪಾಠ ಮುಗಿಯಿತೆನ್ನಿ. ಮೇಜಿನ ಮೇಲೆ ಒಂದು ಶುಷ್ಕಕೋಶ, ಸಣ್ಣ ಬಲ್ಬ್, ತಂತಿ, ಸ್ವಿಚ್ ಜೋಡಿಸಿಟ್ಟು ಒಂದು ತಂತಿಯ ತುದಿಯ ಪ್ಲಾಸ್ಟಿಕ್ ಹೊದಿಕೆಯನ್ನು ಸುಲಿಯದೆ ಬಿಡಿ. ಬಲ್ಬ್ ಯಾಕೆ ಉರಿಯುತ್ತಿಲ್ಲ ಎಂದು ಇಬ್ಬಿಬ್ಬರನ್ನು ಕರೆದು ಕೇಳಿ. ಓಮ್‌ನ ನಿಯಮವನ್ನು ಅಕ್ಷರ ತಪ್ಪದೆ ಬರೆಯುವ ಹುಡುಗಿ ಬಲ್ಬನ್ನೇ ಬದಲಿಸಲು ಹೊರಡಬಹುದು. ಮನೆಯಲ್ಲಿ ಪಂಪ್‌ಸೆಟ್ ರಿಪೇರಿ ನೋಡಿದ ಹುಡುಗ ನೇರ ತಂತಿಗೇ ಕೈಹಾಕಿ, ಕಾರಣ ಹೇಳಲು ಪದ ಸಿಗದೆ ನಿಲ್ಲಬಹುದು. ಇಬ್ಬರಿಗೂ ಮುಂದಿನ ಪಾಠ ಬೇರೆ ಬೇರೆ ಎಂದು ನಿಮಗೆ ಅಲ್ಲೇ ಗೊತ್ತಾಗುತ್ತದೆ.

ನೋಟ್‌ಬುಕ್ ತಿದ್ದುವಾಗ ಅಂಕ ಬೇಡ, ಒಂದು ಮಾತು ಬರೆಯಿರಿ. ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಯ ಟಿಪ್ಪಣಿ ಪಡೆದ ಮಕ್ಕಳ ಕೆಲಸ ಸುಧಾರಿಸಿತು. ಅಂಕದ ಜೊತೆ ಟಿಪ್ಪಣಿ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಅಂಕ ಕಂಡ ಮೇಲೆ ಮಕ್ಕಳು ಟಿಪ್ಪಣಿಯತ್ತ ನೋಡುವುದೇ ಕಡಿಮೆ ಎಂಬುದು ನಮ್ಮ ತರಗತಿಗಳಲ್ಲೂ ಕಾಣುವ ಸಂಗತಿ. ‘ಚೆನ್ನಾಗಿದೆ’ ಎಂಬುದು ಟಿಪ್ಪಣಿಯಲ್ಲ. ‘ಸರಣಿ ಜೋಡಣೆಯ ಚಿತ್ರ ಸರಿ, ಸಮಾಂತರದಲ್ಲಿ ಒಂದು ಬಲ್ಬ್ ತೆಗೆದರೆ ಇನ್ನೊಂದು ಏನಾಗುತ್ತದೆ?’ ಎಂಬುದು ಟಿಪ್ಪಣಿ.

ಪ್ರಶ್ನೆ: ನಮ್ಮ ತಾಂಡಾದ ಶಾಲೆಯಲ್ಲಿ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ. ಎರಡನೇ ತರಗತಿಯ ಪರಿಸರ ಅಧ್ಯಯನದಲ್ಲಿ ಬಹುಪಾಲು ಮಕ್ಕಳು ಹಿಂದಿದ್ದಾರೆ ಎಂದು ದಾಖಲೆ ಹೇಳುತ್ತದೆ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾಗಿ ನಾನೇನು ಮಾಡಬಹುದು?

ಹಿಂದಿರುವುದು ಪರಿಸರ ಅಧ್ಯಯನದಲ್ಲೋ, ಕನ್ನಡದಲ್ಲೋ? ಮೊದಲು ಇದನ್ನು ಬಿಡಿಸಬೇಕು. ಯಾವ ಗಿಡದ ಎಲೆ, ಯಾವ ಹಕ್ಕಿ, ಮಳೆ ಬರುವ ಮುಂಚೆ ಇರುವೆ ಏನು ಮಾಡುತ್ತದೆ ಎಂದು ಲಂಬಾಣಿಯಲ್ಲಿ ಕೇಳಿದರೆ ಆ ಮಕ್ಕಳು ಪಟ್ಟಣದ ಮಕ್ಕಳಿಗಿಂತ ಹೆಚ್ಚು ಹೇಳಿಯಾರು. ಪ್ರಶ್ನೆ ಅರ್ಥವಾಗದೆ ಸುಮ್ಮನಿದ್ದ ಮಗುವನ್ನು ದಡ್ಡ ಎಂದು ಎಣಿಸುವುದು ಆ ಮಗುವಿನ ಶಾಲೆಯ ಬದುಕನ್ನೇ ಕೆಡಿಸುತ್ತದೆ, ಇದನ್ನು ನಾನು ಬಲವಾಗಿ ಹೇಳಬೇಕಾಗಿದೆ.

ಮುಖ್ಯ ಶಿಕ್ಷಕರ ಜೊತೆ ಮಾತಾಡಿ. ಎರಡೂ ಭಾಷೆ ಬಲ್ಲ ಒಬ್ಬ ತಾಯಿ ಅಥವಾ ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ ಮೌಲ್ಯಮಾಪನದ ದಿನಗಳಲ್ಲಿ ಪಕ್ಕದಲ್ಲಿ ಕೂರುವಂತಾಗಲಿ. ಉತ್ತರ ಹೇಳಿಕೊಡಬಾರದು, ಪ್ರಶ್ನೆಯನ್ನು ಮಾತ್ರ ಮಗುವಿನ ಭಾಷೆಯಲ್ಲಿ ಕೇಳಬೇಕು. ಮಗು ಬೆರಳು ತೋರಿಸಿ, ಚಿತ್ರ ಬಿಡಿಸಿ, ಕಲ್ಲು–ಎಲೆ ವಿಂಗಡಿಸಿ ಉತ್ತರಿಸಿದರೂ ಅದು ಉತ್ತರವೇ. ದಾಖಲೆಯಲ್ಲಿ ಎರಡು ಕಲಂ ಇರಲಿ: ವಿಷಯ ತಿಳಿದಿದೆಯೇ, ಅದನ್ನು ಕನ್ನಡದಲ್ಲಿ ಹೇಳಬಲ್ಲದೇ. ಮೊದಲನೆಯದರಲ್ಲಿ ಹೌದು, ಎರಡನೆಯದರಲ್ಲಿ ಇನ್ನೂ ಇಲ್ಲ ಎಂದು ಬಂದ ಮಕ್ಕಳಿಗೆ ಕನ್ನಡದ ಮಾತುಗಾರಿಕೆಗೆ ದಿನಕ್ಕೆ ಅರ್ಧ ಗಂಟೆ ಎತ್ತಿಡಿ ಎಂದು ಶಾಲೆಯನ್ನು ಕೇಳಿ. ಮುಂದಿನ ಎಸ್‌ಡಿಎಂಸಿ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ನಡಾವಳಿಯಲ್ಲಿ ಬರೆಯಿಸಿ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಶಾಲೆಗೆ ಬಂದಾಗ ಆ ಎರಡು ಕಲಂನ ಹಾಳೆಯನ್ನೇ ಅವರ ಮುಂದಿಡಿ.